ಪ್ಯಾರಿಸ್‌ನಲ್ಲಿ ಪಾಂಡಿಚೇರಿಯ ಕುರ್ಚಿ

ಬೆಂಗಳೂರಿನಿಂದ ಶುಕ್ರವಾರ ರಾತ್ರಿಯ ಬಸ್ಸು ಹಿಡಿದು ಪುದುಚೇರಿಗೆ ಹೋಗುವವರೆಲ್ಲ ಅಲ್ಲಿನ ಕಡಲ ದಂಡೆಯ ರಸ್ತೆಯಲ್ಲಿ ಒಂದು ಸುತ್ತು ಅಡ್ಡಾಡಿಯೇ ಬರುತ್ತಾರೆ. ಆ ರಸ್ತೆಯ ಹೆಸರು ಗುಬೇರ್ ಅವೆನ್ಯೂ. ಊರಿನ ದೊಡ್ಡ ಮಾರುಕಟ್ಟೆಗೂ ಅದೇ ಹೆಸರು. ತಮಿಳಿನಲ್ಲಿ ‘ಕ’ ಮತ್ತು ‘ಗ’ ಎರಡಕ್ಕೂ ಒಂದೇ ಅಕ್ಷರವಾದ್ದರಿಂದ ಅದನ್ನು ‘ಕುಬೇರ್’ ಎಂದೂ ಓದಬಹುದು. ಮೊದಲ ಸಲ ನೋಡಿದಾಗ ಇದು ಧನಾಧಿಪತಿ ಕುಬೇರನ ಹೆಸರೇ ಇರಬೇಕೆಂದು ಈ ಲೇಖಕನೂ ನಂಬಿದ್ದುಂಟು.

ಕುಬೇರನಲ್ಲ, ಎದುವಾರ್ ಗುಬೇರ್. ಫ್ರೆಂಚ್ ತಂದೆ, ಭಾರತೀಯ ತಾಯಿಯ ಮಗ. 1951ರಲ್ಲಿ ಈತ ಪ್ಯಾರಿಸ್‌ನ ರಾಷ್ಟ್ರೀಯ ಸಭೆಗೆ, ಎಂದರೆ ಫ್ರಾನ್ಸಿನ ಲೋಕಸಭೆಗೆ, ಪಾಂಡಿಚೇರಿಯಿಂದ ಆರಿಸಿ ಹೋದರು. ಹನ್ನೆರಡು ವರ್ಷ ಕಳೆದು 1963ರಲ್ಲಿ ಇದೇ ಗುಬೇರ್ ಭಾರತದ ಕೇಂದ್ರಾಡಳಿತ ಪ್ರದೇಶವಾದ ಪಾಂಡಿಚೇರಿಯ ಮೊದಲ ಮುಖ್ಯಮಂತ್ರಿಯಾದರು, ಅದೂ ಕಾಂಗ್ರೆಸ್ ಪಕ್ಷದಿಂದ. ಒಂದೇ ಊರು, ಒಬ್ಬನೇ ಮನುಷ್ಯ, ಎರಡು ದೇಶಗಳ ಶಾಸನಸಭೆ. ಇಂಥದ್ದು ಸಾಧ್ಯವಾದದ್ದು ಈಗ ಭೂಪಟದಲ್ಲೂ ಇಲ್ಲದ, ಹೆಚ್ಚಿನವರ ನೆನಪಿನಲ್ಲೂ ಇಲ್ಲದ ಒಂದು ಚುನಾವಣಾ ಕ್ಷೇತ್ರದಿಂದಾಗಿ. ಅದರ ಹೆಸರು ‘ಫ್ರೆಂಚ್ ಇಂಡಿಯಾ’.

ಬ್ರಿಟಿಷರು ಇಡೀ ದೇಶವನ್ನು ನುಂಗಿದ ಮೇಲೂ ಫ್ರೆಂಚರ ಕೈಯಲ್ಲಿ ಐದು ತುಣುಕುಗಳು ಉಳಿದಿದ್ದವು. ತಮಿಳು ಕರಾವಳಿಯಲ್ಲಿ ಪಾಂಡಿಚೇರಿ ಮತ್ತು ಕಾರೈಕಲ್, ಗೋದಾವರಿಯ ಮುಖಜ ಭೂಮಿಯಲ್ಲಿ ಯಾನಂ, ಕಲ್ಕತ್ತೆಯ ಪಕ್ಕದಲ್ಲಿ ಚಂದ್ರನಗರ, ಮಲಬಾರಿನಲ್ಲಿ ಮಾಹೆ. ಮಂಗಳೂರಿನಿಂದ ಕಲ್ಲಿಕೋಟೆಗೆ ರೈಲಿನಲ್ಲಿ ಹೋಗುವವರು ಕಿಟಕಿಯಿಂದ ನೋಡುವ ಮಾಹೆ ಇದೇ. ನಮ್ಮ ಇತಿಹಾಸಕ್ಕೂ ಅದು ಹೊಸದಲ್ಲ. ಹೈದರಾಲಿಗೆ ಯುದ್ಧ ಸಾಮಗ್ರಿ ಬರುತ್ತಿದ್ದ ಬಂದರು ಮಾಹೆ. 1779ರಲ್ಲಿ ಇಂಗ್ಲಿಷರು ಅದನ್ನು ಹಿಡಿದುಕೊಂಡದ್ದು ಎರಡನೇ ಮೈಸೂರು ಯುದ್ಧಕ್ಕೆ ಒಂದು ಕಾರಣ. ಈ ಐದೂ ತುಣುಕುಗಳನ್ನು ಸೇರಿಸಿದರೂ ನಮ್ಮ ಒಂದು ತಾಲ್ಲೂಕಿನಷ್ಟು ನೆಲವಿಲ್ಲ. ಕೊನೆಗಾಲದಲ್ಲಿ ಜನಸಂಖ್ಯೆ ಸುಮಾರು ಮೂರು ಲಕ್ಷ. ಪರಸ್ಪರ ನೂರಾರು ಮೈಲಿ ದೂರದ, ತಮಿಳು, ತೆಲುಗು, ಮಲಯಾಳ, ಬಂಗಾಳಿ ಮಾತನಾಡುವ ಈ ಜನರೆಲ್ಲ ಸೇರಿ ಪ್ಯಾರಿಸ್‌ಗೆ ಒಬ್ಬ ಪ್ರತಿನಿಧಿಯನ್ನು ಆರಿಸಬೇಕಿತ್ತು.

ಈ ಹಕ್ಕು ಬಂದದ್ದು ಫ್ರಾನ್ಸಿನ ಕ್ರಾಂತಿಗಳ ಬಾಲ ಹಿಡಿದು. 1848ರಲ್ಲಿ ಅಲ್ಲಿ ಗಣರಾಜ್ಯವಾದಾಗ ವಸಾಹತುಗಳಿಗೂ ಮತ ಸಿಕ್ಕಿತು. ಮೂರನೇ ನೆಪೋಲಿಯನ್ ಚಕ್ರವರ್ತಿಯಾದಾಗ ಅದು ಹೋಯಿತು. ಆತ ಪ್ರಷ್ಯದ ಎದುರು ಸೋತು ಮತ್ತೆ ಗಣರಾಜ್ಯ ಬಂದಾಗ, 1871ರಲ್ಲಿ, ಹಕ್ಕೂ ಮರಳಿ ಬಂತು. ವಯಸ್ಕ ಗಂಡಸರೆಲ್ಲರಿಗೂ ಮತ. ಆಸ್ತಿ ಇರಬೇಕು, ಓದು ಬರಬೇಕು, ಕ್ರೈಸ್ತನಾಗಿರಬೇಕು ಎಂಬ ಯಾವ ಷರತ್ತೂ ಇಲ್ಲ. 1875ರ ಸಂವಿಧಾನ ಕಾಯಿದೆಯಲ್ಲಿ ಫ್ರೆಂಚ್ ಇಂಡಿಯಾಕ್ಕೆ ಸೆನೆಟ್‌ನಲ್ಲೂ ಒಂದು ಸ್ಥಾನ ಕೊಟ್ಟರು. ಬ್ರಿಟಿಷ್ ಇಂಡಿಯಾದಲ್ಲಿ ಆಗಿನ್ನೂ ಕಾಂಗ್ರೆಸ್ ಕೂಡ ಹುಟ್ಟಿರಲಿಲ್ಲ ಎಂಬುದನ್ನು ನೆನೆದರೆ ಇದು ಎಷ್ಟು ದೊಡ್ಡ ಮಾತೆಂದು ತಿಳಿಯುತ್ತದೆ. ಗಡಿಯ ಈಚೆಗೆ ಹೊಲ ಉಳುವ ರೈತನಿಗೆ ಮತವಿಲ್ಲ. ಗಡಿಯ ಆಚೆಗೆ ಅವನ ನೆಂಟನಿಗೆ ಫ್ರಾನ್ಸಿನ ಸರ್ಕಾರವನ್ನೇ ಉರುಳಿಸಬಲ್ಲ ಸಭೆಯಲ್ಲಿ ಒಬ್ಬ ಪ್ರತಿನಿಧಿ.

ಹಾಗಾದರೆ ಆರಿಸಿ ಹೋದವರು ಯಾರು? ಮೊದಲನೆಯವರು ದೆಬಾಸೇನ್ ದ ರಿಷಮಾಂ. ಆಮೇಲೆ ಜೂಲ್ ಗೊದಾಂ, ಪಿಯೇರ್ ಆಲಿಪ್, ಲೂಯಿ ಆಂರಿಕ್, ಲೆಮೇರ್, ಪಾಲ್ ಬ್ಲೂಯಿಸೆನ್, ಆಂಗುಲ್ವಾಂ. ಒಂದು ಹೆಸರಾದರೂ ನಮ್ಮದಿದೆಯೇ ಎಂದು ಹುಡುಕುತ್ತಾ ಹೋದರೆ ಎರಡನೇ ಮಹಾಯುದ್ಧದವರೆಗೂ ಸಿಗುವುದಿಲ್ಲ. ಮತದಾರರಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಮಂದಿ ಭಾರತೀಯರು, ಆರಿಸಿ ಹೋದವರೆಲ್ಲ ಐರೋಪ್ಯರು. ಬ್ಲೂಯಿಸೆನ್ ಪತ್ರಕರ್ತ. ಆಂಗುಲ್ವಾಂ ಆಫ್ರಿಕದ ಐವರಿ ಕೋಸ್ಟ್‌ನಲ್ಲಿ ಗವರ್ನರ್ ಆಗಿದ್ದವರು. ಇದರ ಪಕ್ಕದಲ್ಲೇ ಇನ್ನೊಂದು ವಿಚಿತ್ರವನ್ನಿಟ್ಟು ನೋಡಬೇಕು. 1892ರಲ್ಲಿ ಲಂಡನ್ನಿನ ಫಿನ್ಸ್‌ಬರಿಯ ಇಂಗ್ಲಿಷ್ ಮತದಾರರು ದಾದಾಭಾಯಿ ನವರೋಜಿಯವರನ್ನು ಬ್ರಿಟಿಷ್ ಪಾರ್ಲಿಮೆಂಟಿಗೆ ಕಳಿಸಿದರು. ಭಾರತದಲ್ಲಿ ಯಾರಿಗೂ ಮತ ಕೊಡದ ಇಂಗ್ಲಿಷರ ಸಭೆಯಲ್ಲಿ ಒಬ್ಬ ಭಾರತೀಯ, ಎಲ್ಲರಿಗೂ ಮತ ಕೊಟ್ಟ ಫ್ರೆಂಚರ ಸಭೆಯಲ್ಲಿ ಸೊನ್ನೆ!

ಬೂಟಿನ ವಕೀಲರು, ಜಾತಿಯ ನಾಯಕರು

ಕಾರಣ ಹುಡುಕಲು ಪಾಂಡಿಚೇರಿಯ ಬೀದಿಗೇ ಬರಬೇಕು. 1873ರಲ್ಲಿ ಪೊನ್ನುತಂಬಿ ಪಿಳ್ಳೆ ಎಂಬ ವಕೀಲರು ಐರೋಪ್ಯರಂತೆ ಬೂಟು ಹಾಕಿಕೊಂಡು ನ್ಯಾಯಾಲಯಕ್ಕೆ ಹೋದರು. ಭಾರತೀಯನೊಬ್ಬ ಬೂಟು ಧರಿಸಿ ನ್ಯಾಯಾಧೀಶರ ಎದುರು ನಿಲ್ಲುವುದೇ ಅಪರಾಧವಾಯಿತು. ಪೊನ್ನುತಂಬಿ ಬಿಡಲಿಲ್ಲ, ಮೊಕದ್ದಮೆಯನ್ನು ಪ್ಯಾರಿಸ್‌ನ ಪರಮೋಚ್ಚ ನ್ಯಾಯಾಲಯದವರೆಗೆ ಒಯ್ದು ಗೆದ್ದರು. ಬೂಟಿನಿಂದ ಶುರುವಾದ ಈ ಹೋರಾಟ ಮುಂದೆ ದೊಡ್ಡದಾಯಿತು. ಮತವೇನೋ ಸಿಕ್ಕಿದೆ, ಸಮಾನತೆ ಎಲ್ಲಿ ಎಂಬುದು ಅವರ ಪ್ರಶ್ನೆ. 1881ರ ಸೆಪ್ಟೆಂಬರ್‌ನಲ್ಲಿ ಒಂದು ಸರ್ಕಾರಿ ಆಜ್ಞೆ ಹೊರಟಿತು. ತಮ್ಮ ಜಾತಿ-ಧರ್ಮಗಳ ಕಟ್ಟಳೆ ಬಿಟ್ಟು ಫ್ರೆಂಚ್ ಸಿವಿಲ್ ಕಾನೂನಿಗೆ ಒಳಪಡುತ್ತೇವೆ ಎಂದು ಬರೆದುಕೊಟ್ಟವರು ಫ್ರೆಂಚರಿಗೆ ಸಮಾನರು. ಇವರನ್ನು ‘ರನೋನ್ಸಾಂ’, ಎಂದರೆ ತ್ಯಜಿಸಿದವರು, ಎಂದು ಕರೆದರು. ಅವರು ಮನೆತನದ ಹೆಸರೊಂದನ್ನು ಇಟ್ಟುಕೊಳ್ಳಬೇಕಿತ್ತು. ಪೊನ್ನುತಂಬಿ ‘ಲಾಪೋರ್ತ್’ ಎಂಬ ಹೆಸರು ಆರಿಸಿಕೊಂಡರು. ಅದರ ಅರ್ಥ ಬಾಗಿಲು.

ಆ ಬಾಗಿಲಿನಿಂದ ಒಳಹೊಕ್ಕವರಲ್ಲಿ ಕ್ರೈಸ್ತರು ಮತ್ತು ಕೆಳಜಾತಿಯವರೇ ಹೆಚ್ಚು. ಮೇಲುಜಾತಿಯ ಹಿಂದೂಗಳು ಇದನ್ನು ಕಂಡು ಬೆಚ್ಚಿದರು. ಅವರ ನಾಯಕ ಷಣ್ಮುಗ ವೇಲಾಯುದ ಮುದಲಿಯಾರ್, ಫ್ರೆಂಚ್ ದಾಖಲೆಗಳ ‘ಶಾನೆಮುಗಾಂ’. ಈತ ಕಾಲು ಶತಮಾನದಷ್ಟು ಕಾಲ ಪಾಂಡಿಚೇರಿಯ ಚುನಾವಣೆಗಳ ಸೂತ್ರಧಾರ. ಆತನ ವಾದ ಸರಳವಾಗಿತ್ತು: ನಮಗೆ ಮತವೂ ಬೇಕು, ಜಾತಿಯೂ ಬೇಕು, ಫ್ರೆಂಚ್ ಕಾನೂನು ಮಾತ್ರ ಮನೆಯೊಳಗೆ ಬರಬಾರದು. ಹೀಗೆ ಜಗತ್ತಿನ ಅತಿ ಉದಾರ ಮತದಾನ ಪದ್ಧತಿಯೊಂದು ಜಾತಿಯ ಕೋಟೆ ಕಾಯುವ ಆಯುಧವಾಯಿತು. ತನ್ನವನೇ ಒಬ್ಬನನ್ನು ಪ್ಯಾರಿಸ್‌ಗೆ ಕಳಿಸುವ ಅಗತ್ಯ ಆತನಿಗಿರಲಿಲ್ಲ. ಸಮುದ್ರ ದಾಟಿದರೆ ಜಾತಿ ಕೆಡುವ ಕಾಲ ಬೇರೆ. ಅದಕ್ಕಿಂತ, ಅಲ್ಲಿನ ಮಂತ್ರಿಗಳ ಬಾಗಿಲು ತಟ್ಟಬಲ್ಲ ಒಬ್ಬ ಫ್ರೆಂಚ್ ರಾಜಕಾರಣಿಗೆ ಊರಿನ ಮತಗಳನ್ನೆಲ್ಲ ಗಂಟುಕಟ್ಟಿ ಕೊಟ್ಟು, ಬದಲಿಗೆ ಗವರ್ನರನನ್ನು ಹದ್ದಿನಲ್ಲಿಟ್ಟುಕೊಳ್ಳುವುದು ಲಾಭದ ವ್ಯವಹಾರ. ಗವರ್ನರನ ಕುರ್ಚಿ ಅಲುಗಾಡಿಸುವುದು ಪ್ಯಾರಿಸ್‌ನಲ್ಲಿರುವ ಪ್ರತಿನಿಧಿಗೆ ಕಷ್ಟದ ಕೆಲಸವೇನಲ್ಲ. ಸ್ಥಳೀಯ ಸಭೆಗಳಲ್ಲಿ ಮಾತ್ರ ಐರೋಪ್ಯರು ತಮಗೊಂದು ಬೇರೆ ಮತಪಟ್ಟಿ ಮಾಡಿಸಿಕೊಂಡು ಬಹುಸಂಖ್ಯಾತರ ಕೈಯಿಂದ ಪಾರಾದರು.

ಷಣ್ಮುಗರ ಕಾಲ ಮುಗಿದ ಮೇಲೆ ಸೂತ್ರ ಹಿಡಿದವರು ಗಿರಣಿ ಮಾಲೀಕ, ಪಾಂಡಿಚೇರಿಯ ಮೇಯರ್ ಆಂರಿ ಗೇಬೆಲೆ. ಪಕ್ಷಗಳ ಹೆಸರು ಬದಲಾಯಿತು, ರೀತಿ ಬದಲಾಗಲಿಲ್ಲ. ಪಕ್ಷ ಎಂದರೆ ಒಬ್ಬ ಯಜಮಾನ, ಅವನ ದೊಣ್ಣೆಯ ಜನ, ಅವನ ಕೈಯಲ್ಲಿರುವ ಮತಪತ್ರಗಳು.

ಇದಕ್ಕೊಂದು ಒಳ್ಳೆಯ ಸಾಕ್ಷಿ 1914ರ ಚುನಾವಣೆ. ಆಗ ಅರವಿಂದರು ಬ್ರಿಟಿಷರ ಕೈಗೆ ಸಿಗದಂತೆ ಪಾಂಡಿಚೇರಿಗೆ ಬಂದು ನಾಲ್ಕು ವರ್ಷವಾಗಿತ್ತು. ಆ ಬಾರಿ ಕಣದಲ್ಲಿದ್ದವರು ನಾಲ್ವರು: ಬ್ಲೂಯಿಸೆನ್, ಲೆಮೇರ್, ಲಾಪೋರ್ತ್ ಮತ್ತು ಪಾಲ್ ರಿಷಾರ್. ಈ ರಿಷಾರ್ 1910ರಲ್ಲಿ ಇದೇ ಚುನಾವಣೆಯ ಕೆಲಸಕ್ಕೆಂದು ಪಾಂಡಿಚೇರಿಗೆ ಬಂದಾಗಲೇ ಅರವಿಂದರ ಪರಿಚಯ ಮಾಡಿಕೊಂಡಿದ್ದರು. 1914ರ ಮಾರ್ಚ್‌ನಲ್ಲಿ ತಾವೇ ಅಭ್ಯರ್ಥಿಯಾಗಿ ಬಂದರು, ಜೊತೆಗೆ ಪತ್ನಿ ಮೀರಾ. ಮುಂದೆ ಆಶ್ರಮದ ‘ಶ್ರೀಮಾತೆ’ಯಾದವರು ಈ ಮೀರಾ ಅವರೇ. ಅರವಿಂದಾಶ್ರಮದ ಚರಿತ್ರೆಯ ಒಂದು ಎಳೆ ಹೀಗೆ ಫ್ರೆಂಚ್ ಸಂಸತ್ತಿನ ಮತಪೆಟ್ಟಿಗೆಯಿಂದ ಹೊರಡುತ್ತದೆ ಎಂಬುದು ಎಷ್ಟು ಜನಕ್ಕೆ ಗೊತ್ತು? ಅರವಿಂದರು ರಿಷಾರ್ ಪರ ನಿಂತರು. ಚಂದ್ರನಗರದ ಮಿತ್ರ ಮೋತಿಲಾಲ್ ರಾಯ್ ಅವರಿಗೆ ಬರೆದ ಪತ್ರಗಳಲ್ಲಿ ಅಭ್ಯರ್ಥಿಗಳ ಬಲಾಬಲ, ಯಾರ ಹಿಂದೆ ಯಾವ ಗುಂಪಿದೆ ಎಂಬುದನ್ನೆಲ್ಲ ನುರಿತ ರಾಜಕಾರಣಿಯಂತೆ ಲೆಕ್ಕ ಹಾಕಿದ್ದಾರೆ. ಫಲಿತಾಂಶ ಬಂದಾಗ ಬ್ಲೂಯಿಸೆನ್‌ಗೆ 33 ಸಾವಿರಕ್ಕೂ ಹೆಚ್ಚು ಮತ. ರಿಷಾರ್‌ಗೆ ಮುನ್ನೂರೂ ಇಲ್ಲ. ಯೋಗಿಯ ಬೆಂಬಲಕ್ಕಿಂತ ಮೇಯರನ ಬೆಂಬಲ ಭಾರವಾಗಿತ್ತು.

ಇಷ್ಟಾದರೂ ಈ ಕ್ಷೇತ್ರವನ್ನು ಬರೀ ನಾಟಕವೆಂದು ತಳ್ಳಿಹಾಕುವಂತಿಲ್ಲ. ಮತದ ರುಚಿ ಕಂಡ ಊರು ಸುಮ್ಮನಿರುವುದಿಲ್ಲ. 1936ರಲ್ಲಿ ಪಾಂಡಿಚೇರಿಯ ಬಟ್ಟೆಗಿರಣಿ ಕಾರ್ಮಿಕರು ವಿ. ಸುಬ್ಬಯ್ಯ ಅವರ ನಾಯಕತ್ವದಲ್ಲಿ ಮುಷ್ಕರ ಹೂಡಿದರು. ಜುಲೈ 30ರಂದು ಪೊಲೀಸರ ಗುಂಡಿಗೆ 12 ಮಂದಿ ಬಲಿಯಾದರು. ಪ್ಯಾರಿಸ್‌ನಲ್ಲಿ ಆಗ ಎಡಪಕ್ಷಗಳ ‘ಪಾಪ್ಯುಲರ್ ಫ್ರಂಟ್’ ಸರ್ಕಾರವಿತ್ತು. ಕಾರ್ಮಿಕ ಸಂಘ ಕಟ್ಟುವ, ಎಂಟು ಗಂಟೆಯಷ್ಟೇ ದುಡಿಯುವ ಹಕ್ಕು ಪಾಂಡಿಚೇರಿಗೆ ಬಂತು. ಯಜಮಾನನ ಪಕ್ಷಗಳ ಎದುರು ಮೊದಲ ಬಾರಿಗೆ ಇನ್ನೊಂದು ಬಗೆಯ ಪಕ್ಷ ತಲೆಯೆತ್ತಿತು.

ಹತ್ತು ವರ್ಷಗಳ ಅವಸರ

ಯುದ್ಧ ಮುಗಿದ ಮೇಲಿನ ಹತ್ತು ವರ್ಷಗಳಲ್ಲಿ ನಡೆದದ್ದು ಹಿಂದಿನ ಎಪ್ಪತ್ತು ವರ್ಷಗಳಲ್ಲಿ ನಡೆದದ್ದಕ್ಕಿಂತ ಹೆಚ್ಚು. ಹೆಂಗಸರಿಗೂ ಮತ ಬಂತು. ಕಮ್ಯುನಿಸ್ಟರು ಮತ್ತು ರಾಷ್ಟ್ರೀಯವಾದಿಗಳು ಸೇರಿ ‘ನ್ಯಾಷನಲ್ ಡೆಮಾಕ್ರಟಿಕ್ ಫ್ರಂಟ್’ ಕಟ್ಟಿದರು. ಪಾಂಡಿಚೇರಿಗೆ 22, ಕಾರೈಕಲ್‌ಗೆ 12, ಚಂದ್ರನಗರಕ್ಕೆ 5, ಮಾಹೆಗೆ 3, ಯಾನಂಗೆ 2, ಹೀಗೆ 44 ಸ್ಥಾನಗಳ ಹೊಸ ಪ್ರತಿನಿಧಿ ಸಭೆಗೆ 1946ರ ಡಿಸೆಂಬರ್‌ನಲ್ಲಿ ಚುನಾವಣೆ ನಡೆದಾಗ ಫ್ರಂಟ್‌ಗೆ ಬಹುಮತ. ಪ್ಯಾರಿಸ್‌ನ ರಾಷ್ಟ್ರೀಯ ಸಭೆಗೆ ಹೋದವರು ಲಾಂಬೇರ್ ಸರವಣ, ಪಾಂಡಿಚೇರಿಯಲ್ಲೇ ಹುಟ್ಟಿದ ತಮಿಳರು. ಮೇಲ್ಮನೆಗೆ ಹೋದವರು ಸ್ವತಃ ಕಮ್ಯುನಿಸ್ಟ್ ಸುಬ್ಬಯ್ಯ. ಕೊನೆಗೂ ಆ ಕುರ್ಚಿಯಲ್ಲಿ ಭಾರತೀಯರು ಕುಳಿತರು. ಅಷ್ಟರಲ್ಲಿ ಗಡಿಯ ಈಚೆಗೆ ಭಾರತ ಸ್ವತಂತ್ರವಾಗುವ ಹೊತ್ತಾಗಿತ್ತು.

1947ರ ನಂತರ ಉಳಿದದ್ದು ಒಂದೇ ಪ್ರಶ್ನೆ, ಫ್ರಾನ್ಸಿನೊಂದಿಗೋ ಭಾರತದೊಂದಿಗೋ. ಫ್ರೆಂಚರ ಉತ್ತರ ಕಾನೂನುಬದ್ಧವಾಗಿತ್ತು. 1946ರ ಅವರ ಸಂವಿಧಾನದ 27ನೇ ವಿಧಿಯ ಪ್ರಕಾರ ಅಲ್ಲಿನ ಜನರ ಒಪ್ಪಿಗೆಯಿಲ್ಲದೆ ಯಾವ ಪ್ರದೇಶವನ್ನೂ ಬಿಟ್ಟುಕೊಡುವಂತಿಲ್ಲ. ಆದ್ದರಿಂದ ಜನಮತ ಆಗಲಿ ಎಂದರು. 1948ರ ಜೂನ್‌ನಲ್ಲಿ ಎರಡೂ ಸರ್ಕಾರಗಳು ಅದಕ್ಕೆ ಒಪ್ಪಿದವು. ಕಾಗದದ ಮೇಲೆ ಇದಕ್ಕಿಂತ ನ್ಯಾಯವಾದ ದಾರಿ ಇರಲಿಕ್ಕಿಲ್ಲ. ಆದರೆ ಮತಪಟ್ಟಿ ಯಾರ ಕೈಯಲ್ಲಿದೆ?

ಗುಬೇರ್ ರಂಗಕ್ಕೆ ಬರುವುದು ಇಲ್ಲಿ. 1947ರಲ್ಲಿ ಹುಟ್ಟಿಕೊಂಡ ‘ಫ್ರೆಂಚ್ ಇಂಡಿಯಾ ಸೋಷಲಿಸ್ಟ್ ಪಾರ್ಟಿ’ಯ ನಿಜವಾದ ಯಜಮಾನ ಅವರು. ಸರವಣ ಕೂಡ ಮೊದಲು ಅದರಲ್ಲೇ ಇದ್ದರು. ಹೆಸರಿಗೆ ಸೋಷಲಿಸ್ಟ್, ನಡೆಯಲ್ಲಿ ಗವರ್ನರನ ಕೃಪೆಯ ಪಕ್ಷ. 1948ರ ಅಕ್ಟೋಬರ್‌ನ ಪುರಸಭಾ ಚುನಾವಣೆಗಳಲ್ಲಿ ಅದು ಪಾಂಡಿಚೇರಿ, ಕಾರೈಕಲ್‌ಗಳನ್ನು ಗುಡಿಸಿಹಾಕಿತು. ಅದೇ ತಿಂಗಳು ಮಾಹೆಯಲ್ಲಿ ವಿಲೀನದ ಪರವಿದ್ದ ಮಹಾಜನ ಸಭೆಯವರಿಗೆ ಮತದಾರರ ಗುರುತಿನ ಚೀಟಿಯನ್ನೇ ಕೊಡಲಿಲ್ಲ. ಐ.ಕೆ. ಕುಮಾರನ್ ನಾಯಕತ್ವದಲ್ಲಿ ಜನ ಸರ್ಕಾರಿ ಕಚೇರಿಗೆ ನುಗ್ಗಿ ಆಡಳಿತವನ್ನೇ ಕೈಗೆ ತೆಗೆದುಕೊಂಡರು. ಕೆಲವೇ ದಿನಗಳಲ್ಲಿ ಫ್ರೆಂಚ್ ಯುದ್ಧನೌಕೆ ಬಂದು ನಿಂತಿತು, ದಂಗೆ ಅಡಗಿತು. ಒಂದು ಚೀಟಿಗಾಗಿ ಊರಿಗೆ ಊರೇ ಎದ್ದು ನಿಂತ ಇಂಥ ಪ್ರಸಂಗ ನಮ್ಮ ಚುನಾವಣೆಗಳ ಚರಿತ್ರೆಯಲ್ಲಿ ಅಪರೂಪ.

ನೆಟ್ಟಗೆ ಜನಮತ ನಡೆದದ್ದು ಒಂದೇ ಕಡೆ, ಚಂದ್ರನಗರದಲ್ಲಿ. ಅಲ್ಲಿ ಗುಬೇರ್ ಪಕ್ಷದ ಆಟ ನಡೆಯುವಂತಿರಲಿಲ್ಲ. 1949ರ ಜೂನ್ 19ರಂದು ಭಾರತದ ಪರ 7,473 ಮತ, ಫ್ರಾನ್ಸಿನ ಪರ 114. ಮರುವರ್ಷ ಊರು ಭಾರತದ ಕೈಸೇರಿತು. ಉಳಿದ ನಾಲ್ಕು ತುಣುಕುಗಳಲ್ಲಿ ಜನಮತದ ದಿನ ಮುಂದೆ ಮುಂದೆ ಹೋಗುತ್ತಲೇ ಇತ್ತು. 1950ರ ಆರಂಭದಲ್ಲಿ ಸುಬ್ಬಯ್ಯನವರ ಮನೆಗೆ ಬೆಂಕಿ ಬಿತ್ತು. ಸರವಣ ಸೋಷಲಿಸ್ಟರನ್ನು ತೊರೆದು ವಿಲೀನದ ಪರ ಮಾತನಾಡತೊಡಗಿದರು. ಅದಕ್ಕೆ ತಕ್ಕ ಶಾಸ್ತಿ 1951ರ ಜೂನ್‌ನ ಸಂಸತ್ ಚುನಾವಣೆಯಲ್ಲಾಯಿತು. ಗುಬೇರ್‌ಗೆ 90 ಸಾವಿರಕ್ಕೂ ಹೆಚ್ಚು ಮತ, ಹಾಲಿ ಸದಸ್ಯ ಸರವಣರಿಗೆ ಇನ್ನೂರೂ ಇಲ್ಲ. ಐದು ವರ್ಷ ಆ ಕ್ಷೇತ್ರವನ್ನು ಪ್ರತಿನಿಧಿಸಿದ ಮನುಷ್ಯನಿಗೆ ನೆಂಟರಿಷ್ಟರ ಮತವಾದರೂ ಬೀಳಬೇಡವೇ? ಈ ಅಂಕಿಗಳನ್ನು ನೋಡಿದ ಮೇಲೆ ಲೆಕ್ಕ ಎಲ್ಲಿ ನಡೆಯಿತೆಂದು ಯಾರೂ ವಿವರಿಸಬೇಕಾಗಿಲ್ಲ. ಅದೇ ವರ್ಷ ತಟಸ್ಥ ದೇಶಗಳ ವೀಕ್ಷಕರು ಬಂದು ಮತಪಟ್ಟಿಗಳನ್ನು ಪರಿಶೀಲಿಸಿದರು. ಅವುಗಳನ್ನು ನೆಚ್ಚಿ ಜನಮತ ನಡೆಸುವಂತಿಲ್ಲ ಎಂಬುದೇ ಅವರ ವರದಿಯ ತಿರುಳು.

ಗುಬೇರರನ್ನು ಕೇವಲ ಫ್ರೆಂಚರ ಕೈಗೊಂಬೆ ಎನ್ನುವುದೂ ತಪ್ಪಾದೀತು. ಅವರದ್ದು ಬೇರೆ ಲೆಕ್ಕ. ಭಾರತದೊಂದಿಗಿದ್ದ ಸುಂಕದ ಒಪ್ಪಂದ 1949ರಲ್ಲಿ ಮುಗಿದ ಮೇಲೆ ಪಾಂಡಿಚೇರಿ ಚಿನ್ನ, ಕೈಗಡಿಯಾರಗಳ ಕಳ್ಳಸಾಗಣೆಯ ಸ್ವರ್ಗವಾಗಿತ್ತು. ಆ ಹಣಕ್ಕೆ ಫ್ರೆಂಚ್ ಬಾವುಟದ ನೆರಳು ಬೇಕಿತ್ತು. ಆದರೆ ಭಾರತ ಗಡಿಯಲ್ಲಿ ಬಿಗಿ ಮಾಡಿದಂತೆಲ್ಲ ವ್ಯಾಪಾರ ಸೊರಗಿತು. ಅತ್ತ ಫ್ರೆಂಚ್ ಅಧಿಕಾರಿಗಳು ಗುಬೇರ್ ಮತ್ತು ಸಂಗಡಿಗರ ಅವ್ಯವಹಾರಗಳ ಕಡತ ಬಿಚ್ಚಿದರು. 1954ರ ಮಾರ್ಚ್ 18ರಂದು ಪಾಂಡಿಚೇರಿ ಮತ್ತು ಸುತ್ತಲ ಕೊಮ್ಯೂನ್‌ಗಳ ಮೇಯರ್‌ಗಳು ಒಮ್ಮಿಂದೊಮ್ಮೆಲೇ ನಿರ್ಣಯ ಮಾಡಿದರು: ಜನಮತ ಬೇಡ, ಕೂಡಲೇ ಭಾರತದಲ್ಲಿ ವಿಲೀನವಾಗಲಿ. ಎಲ್ಲರೂ ಸೋಷಲಿಸ್ಟರೇ! ಸ್ವತಃ ಗುಬೇರ್ ಭಾರತದ ನೆಲ ಸುತ್ತುವರಿದಿದ್ದ ನೆಟ್ಟಪಾಕ್ಕಂ ಎಂಬ ಹಳ್ಳಿಗೆ ಹೋಗಿ ‘ತಾತ್ಕಾಲಿಕ ಸರ್ಕಾರ’ ಸ್ಥಾಪಿಸಿದರು. ಫ್ರಾನ್ಸಿನ ಸಂಸತ್ ಸದಸ್ಯರೊಬ್ಬರು ಫ್ರಾನ್ಸಿನ ವಿರುದ್ಧವೇ ದಂಗೆಯೆದ್ದು ಒಂದು ಹಳ್ಳಿಯಿಂದ ಆಳುತ್ತಿದ್ದರು.

ಮೇ 7ರಂದು ವಿಯೆಟ್ನಾಮಿನ ದಿಯೆನ್ ಬಿಯೆನ್ ಫುವಿನಲ್ಲಿ ಫ್ರೆಂಚ್ ಸೇನೆ ಶರಣಾಯಿತು. ಜೂನ್‌ನಲ್ಲಿ ಯಾನಂ, ಜುಲೈ 16ರಂದು ಮಾಹೆ ಕೈಬಿಟ್ಟವು. ಪ್ರಧಾನಿಯಾಗಿ ಬಂದ ಮೆಂದೆಸ್ ಫ್ರಾನ್ಸ್ ಅವರಿಗೆ ಈ ಹಳೆಯ ಜಗಳವನ್ನು ಬೆಳೆಸುವ ಉತ್ಸಾಹವಿರಲಿಲ್ಲ. ಆದರೂ 27ನೇ ವಿಧಿ ಅಡ್ಡ ನಿಂತಿತ್ತು. ಜನರ ಒಪ್ಪಿಗೆ ಬೇಕು, ಜನಮತ ಯಾರಿಗೂ ಬೇಡ. ಕಂಡುಕೊಂಡ ಉಪಾಯ ಹೀಗಿತ್ತು: 1954ರ ಅಕ್ಟೋಬರ್ 18ರಂದು ಕೀಳೂರು ಎಂಬ ಹಳ್ಳಿಯಲ್ಲಿ ಪ್ರತಿನಿಧಿ ಸಭೆಯ ಮತ್ತು ಪುರಸಭೆಗಳ ಸದಸ್ಯರು, ಒಟ್ಟು 178 ಮಂದಿ, ಸೇರಿದರು. ವಿಲೀನದ ಪರ 170 ಮತ, ವಿರುದ್ಧ 8. ನವೆಂಬರ್ 1ರಂದು ಆಡಳಿತ ಭಾರತಕ್ಕೆ ಬಂತು.

ಯಾವ ಚುನಾವಣೆಗಳು ಮೋಸದವು ಎಂದು ಭಾರತ ಸರ್ಕಾರವೇ ದೂರುತ್ತಿತ್ತೋ ಅದೇ ಚುನಾವಣೆಗಳಲ್ಲಿ ಆರಿಸಿ ಬಂದಿದ್ದವರು ಕೀಳೂರಿನಲ್ಲಿ ಕೈಯೆತ್ತಿದವರಲ್ಲಿ ಬಹಳ ಮಂದಿ. ಫಲಿತಾಂಶ ಜನರ ಮನಸ್ಸಿಗೆ ವಿರುದ್ಧವಾಗಿತ್ತೆಂದು ಹೇಳಲಾಗದು, ಚಂದ್ರನಗರದ ಅಂಕಿಯೇ ಗಾಳಿ ಯಾವ ಕಡೆಗಿತ್ತೆಂದು ತೋರಿಸಿತ್ತು. ಆದರೆ 1871ರಿಂದಲೇ ಮತದಾರನಾಗಿದ್ದ ಪಾಂಡಿಚೇರಿಯ ಸಾಮಾನ್ಯನನ್ನು ಈ ಒಂದು ವಿಷಯದಲ್ಲಿ ಮಾತ್ರ ಯಾರೂ ನೇರವಾಗಿ ಕೇಳಲಿಲ್ಲ. ಕೇಳಿದ್ದರೆ ಏನಾಗುತ್ತಿತ್ತು ಎಂಬ ಚರ್ಚೆಗಿಂತ, ಎಂಬತ್ತು ವರ್ಷ ಮತಪೆಟ್ಟಿಗೆ ಇಟ್ಟುಕೊಂಡೂ ಅದರ ಮೇಲೆ ಯಾರಿಗೂ ನಂಬಿಕೆ ಉಳಿಯದಂತೆ ಮಾಡಿದ್ದು ಯಾರು ಎಂಬ ಪ್ರಶ್ನೆ ದೊಡ್ಡದು. ಅದಕ್ಕೆ ಉತ್ತರ ಹೇಳಬೇಕಾದವರಲ್ಲಿ ಫ್ರೆಂಚ್ ಗವರ್ನರರೂ ಇದ್ದಾರೆ, ಷಣ್ಮುಗ ಮುದಲಿಯಾರರೂ ಇದ್ದಾರೆ, ಈಗ ರಸ್ತೆಗೆ ಹೆಸರಾಗಿರುವವರೂ ಇದ್ದಾರೆ.

1956ರ ಜನವರಿಯಲ್ಲಿ ಫ್ರಾನ್ಸ್ ಮತ್ತೆ ಚುನಾವಣೆಗೆ ಹೋದಾಗ ಪಟ್ಟಿಯಲ್ಲಿ ಫ್ರೆಂಚ್ ಇಂಡಿಯಾ ಇರಲಿಲ್ಲ. ಅದೇ ವರ್ಷ ಮೇ 28ರಂದು ಒಪ್ಪಂದಕ್ಕೆ ಸಹಿ ಬಿತ್ತು. ಫ್ರೆಂಚ್ ಸಂಸತ್ತು ಅದನ್ನು ಅನುಮೋದಿಸುವಷ್ಟರಲ್ಲಿ 1962 ಬಂತು. ಆ ಆಗಸ್ಟ್ 16ರಂದು ಪಾಂಡಿಚೇರಿ ಕಾನೂನಿನ ಪ್ರಕಾರವೂ ಭಾರತದ್ದಾಯಿತು. ಫ್ರೆಂಚ್ ಪೌರತ್ವ ಉಳಿಸಿಕೊಳ್ಳಲು ಬಯಸುವವರಿಗೆ ಆರು ತಿಂಗಳ ಗಡುವು ಕೊಟ್ಟರು. ಕೆಲವು ಸಾವಿರ ಮಂದಿ ಹಾಗೆ ಬರೆದುಕೊಟ್ಟರು. ಅವರಲ್ಲಿ ಫ್ರೆಂಚ್ ಸೇನೆಯಲ್ಲಿ ದುಡಿದವರು, ರನೋನ್ಸಾಂ ಮನೆತನದವರು ಬಹಳ.

ಅವರ ಮಕ್ಕಳು, ಮೊಮ್ಮಕ್ಕಳು ಇಂದಿಗೂ ಫ್ರಾನ್ಸಿನ ಮತದಾರರು. 2012ರಿಂದ ಹೊರದೇಶಗಳಲ್ಲಿರುವ ಫ್ರೆಂಚರಿಗೆ ರಾಷ್ಟ್ರೀಯ ಸಭೆಯಲ್ಲಿ 11 ಸ್ಥಾನಗಳಿವೆ. ಭಾರತ ಸೇರಿರುವುದು ಹನ್ನೊಂದನೆಯದರಲ್ಲಿ. ರಷ್ಯ, ಚೀನಾ, ಜಪಾನ್, ಆಸ್ಟ್ರೇಲಿಯಗಳಲ್ಲಿರುವ ಫ್ರೆಂಚರೂ ಅದರಲ್ಲೇ. ಐದು ಚೂರುಗಳ ಹಳೆಯ ಕ್ಷೇತ್ರವೇ ವಿಚಿತ್ರವೆನಿಸಿದ್ದರೆ ಇದು ಅರ್ಧ ಭೂಗೋಳವನ್ನೇ ಹಾಸಿ ಹೊದೆಯುತ್ತದೆ. ಆ ಚುನಾವಣೆ ಬಂದಾಗ ಪುದುಚೇರಿಯ ತಮಿಳು ಅಜ್ಜಂದಿರು ಕಡಲ ದಂಡೆಯ ಬಳಿಯ ಫ್ರೆಂಚ್ ಕಾನ್ಸುಲೇಟ್‌ನತ್ತ ಮತ ಹಾಕಲು ನಡೆಯುತ್ತಾರೆ. ಗುಬೇರ್ ಅವೆನ್ಯೂ ಅಲ್ಲಿಂದ ನಾಲ್ಕು ಹೆಜ್ಜೆ.